ಮಾಂಗಾ ಕೃತಿಗಳ ಪ್ರಥಮ ಮುದ್ರಣ: ಸಂಗ್ರಹ, ಪಾಠ ಮತ್ತು ದಾಖಲೆ

ಹಸ್ತಪ್ರತಿಗಳು ಪ್ರತಿಕಾರನ ಕೈಯಲ್ಲಿ ಬದಲಾಗುತ್ತ ಹೋಗುತ್ತವೆ, ಅಚ್ಚಾದ ಪುಸ್ತಕ ಮಾತ್ರ ಎಲ್ಲ ಪ್ರತಿಗಳಲ್ಲಿಯೂ ಒಂದೇ ಆಗಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಪಾಠಾಂತರ, ಪ್ರಕ್ಷೇಪ, ಲುಪ್ತಪಾಠ ಮೊದಲಾದ ಪರಿಭಾಷೆಗಳನ್ನು ಓಲೆಗರಿ ಮತ್ತು ಕೋರಿಕಾಗದದ ಪ್ರತಿಗಳಿಗೆ ಸಂಬಂಧಿಸಿದಂತೆ ಮಾತ್ರ ಬಳಸುವ ರೂಢಿಗೂ ಇದೇ ಕಾರಣ. ಆದರೆ ಮುದ್ರಣಯುಗದ ಜನಪ್ರಿಯ ಸಾಹಿತ್ಯವನ್ನು ಸಮೀಪದಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಜಪಾನಿನ ಚಿತ್ರಕಥನ ಪ್ರಕಾರವಾದ ಮಾಂಗಾ ಇದಕ್ಕೆ ಉತ್ತಮ ನಿದರ್ಶನ. ಒಂದೇ ಶೀರ್ಷಿಕೆಯ ಒಂದೇ ಸಂಪುಟ, ಹೊರನೋಟಕ್ಕೆ ಒಂದೇ ಬಗೆಯಾಗಿದ್ದರೂ, ಮುದ್ರಣದಿಂದ ಮುದ್ರಣಕ್ಕೆ ಮಾತು, ಚಿತ್ರ, ಕೆಲವೊಮ್ಮೆ ಇಡೀ ಕಥೆಯನ್ನೇ ಬದಲಿಸಿಕೊಂಡಿರುತ್ತದೆ. ಈ ಹಿನ್ನೆಲೆಯಲ್ಲಿ ಮಾಂಗಾ ಕೃತಿಗಳ ಪ್ರಥಮ ಮುದ್ರಣವನ್ನು ಹುಡುಕಿ ಕೂಡಿಡುವ ಪ್ರವೃತ್ತಿ ಕೇವಲ ಹವ್ಯಾಸಿಗಳ ವಿಲಾಸವೇ ಅಥವಾ ಅದಕ್ಕೆ ಶಾಸ್ತ್ರೀಯವಾದ ಪ್ರಯೋಜನವಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಪ್ರಥಮ ಮುದ್ರಣವೆಂದರೆ ಏನು, ಅದನ್ನು ಗುರುತಿಸುವುದು ಹೇಗೆ, ಅದು ಉಳಿದು ಬಂದುದು ಯಾರಿಂದ ಎಂಬ ಮೂರು ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಪ್ರಕಟಣೆಯ ಹಂತಗಳು

'ಮಾಂಗಾ' ಎಂಬ ಪದ ಜಪಾನಿನಲ್ಲಿ ಹೊಸದಲ್ಲ. ಚಿತ್ರಕಾರ ಹೊಕುಸಾಯ್‌ನ ರೇಖಾಚಿತ್ರಗಳ ಸಂಕಲನ 'ಹೊಕುಸಾಯ್ ಮಾಂಗಾ'ದ ಮೊದಲ ಸಂಪುಟ ೧೮೧೪ರಲ್ಲಿಯೇ ಮರದಚ್ಚಿನಿಂದ ಮುದ್ರಿತವಾಗಿತ್ತು. ಆದರೆ ಇಂದು ಆ ಪದದಿಂದ ಸೂಚಿತವಾಗುವ ಕಥನ ಪ್ರಕಾರ ಇಪ್ಪತ್ತನೆಯ ಶತಮಾನದ ಮುದ್ರಣೋದ್ಯಮದ ಕೂಸು. ಅದರ ಪ್ರಕಟಣೆಯಲ್ಲಿ ಕೆಲವು ಸ್ಪಷ್ಟ ಹಂತಗಳನ್ನು ಗುರುತಿಸಬಹುದು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮಕ್ಕಳ ಮಾಸಪತ್ರಿಕೆಗಳಲ್ಲಿ ಬಂದ ಚಿತ್ರಕಥೆಗಳನ್ನು ಗಟ್ಟಿ ರಟ್ಟಿನ, ಪೆಟ್ಟಿಗೆಸಹಿತವಾದ ದುಬಾರಿ ಸಂಪುಟಗಳಾಗಿ ಪ್ರಕಟಿಸುವ ಕ್ರಮವಿತ್ತು. ೧೯೩೧ರಲ್ಲಿ 'ಶೋನೆನ್ ಕುರಬು' ಪತ್ರಿಕೆಯಲ್ಲಿ ಆರಂಭವಾದ ತಗಾವಾ ಸುಯ್ಹೋ ಅವರ 'ನೊರಾಕುರೊ' ಈ ವರ್ಗಕ್ಕೆ ಸೇರುತ್ತದೆ. ಯುದ್ಧಾನಂತರ ಕಾಗದದ ಪಡಿತರ ಜಾರಿಯಲ್ಲಿದ್ದಾಗ ಪರಿಸ್ಥಿತಿ ಬದಲಾಯಿತು. ಒಸಾಕಾದ ಸಣ್ಣ ಪ್ರಕಾಶಕರು ಪಡಿತರಕ್ಕೆ ಒಳಪಡದ 'ಸೆಂಕಾಶಿ' ಎಂಬ ಕೀಳುದರ್ಜೆಯ ಮರುಬಳಕೆಯ ಕಾಗದದಲ್ಲಿ ಅಗ್ಗದ ಪುಸ್ತಕಗಳನ್ನು ಅಚ್ಚುಮಾಡಿ, ಪುಸ್ತಕದಂಗಡಿಗಳಿಗಿಂತ ಹೆಚ್ಚಾಗಿ ಮಿಠಾಯಿ ಅಂಗಡಿ, ಆಟಿಕೆ ಅಂಗಡಿ, ಬೀದಿ ಬದಿಯ ಮಳಿಗೆಗಳ ಮೂಲಕ ಮಾರಿದರು. ಢಾಳಾದ ಕೆಂಪು ಬಣ್ಣದ ಮುಖಪುಟಗಳಿಂದಾಗಿ ಇವುಗಳಿಗೆ 'ಅಕಾಹೋನ್', ಅಂದರೆ ಕೆಂಪು ಪುಸ್ತಕ, ಎಂಬ ಹೆಸರು ಬಂದಿತು. ೧೯೫೦ರ ದಶಕದಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳು ದೇಶದಾದ್ಯಂತ ಹರಡಿದವು. ಅವುಗಳಿಗೆಂದೇ ಸಿದ್ಧವಾದ 'ಕಾಶಿಹೋನ್' ಸಂಪುಟಗಳಲ್ಲಿ ಮಿಜುಕಿ ಶಿಗೆರು, ತತ್ಸುಮಿ ಯೋಶಿಹಿರೊ, ಶಿರಾತೊ ಸಾನ್‌ಪೇ ಮುಂತಾದವರ ಆರಂಭಕಾಲದ ಕೃತಿಗಳು ಹೊರಬಂದವು.

೧೯೫೯ರ ಮಾರ್ಚ್ ೧೭ರಂದು 'ಶೋನೆನ್ ಮ್ಯಾಗಜೀನ್' ಮತ್ತು 'ಶೋನೆನ್ ಸಂಡೇ' ಎಂಬ ಎರಡು ವಾರಪತ್ರಿಕೆಗಳು ಒಂದೇ ದಿನ ಆರಂಭವಾದುದು ಮುಂದಿನ ಘಟ್ಟ. ೧೯೬೮ರಲ್ಲಿ 'ಶೋನೆನ್ ಜಂಪ್' ಇವುಗಳನ್ನು ಕೂಡಿಕೊಂಡಿತು. ೧೯೬೦ರ ದಶಕದ ನಡುಭಾಗದಿಂದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆಯನ್ನು ಅಂಗೈ ಅಗಲದ ಚಿಕ್ಕ ಸಂಪುಟಗಳಾಗಿ ಮರುಪ್ರಕಟಿಸುವ ಪದ್ಧತಿ ನೆಲೆಗೊಂಡಿತು. ಈ ಸಂಪುಟಗಳನ್ನು 'ತಾನ್ಕೋಬೋನ್' ಎಂದು ಕರೆಯುತ್ತಾರೆ. ಇಂದು ಪ್ರಥಮ ಮುದ್ರಣದ ಸಂಗ್ರಹ ಎಂದಾಗ ಸಾಮಾನ್ಯವಾಗಿ ಉದ್ದೇಶಿತವಾಗುವುದು ಈ ಸಂಪುಟಗಳ ಮೊದಲ ಅಚ್ಚು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೃತಿಯ ಪ್ರಥಮ ಪ್ರಕಟಣೆ ಪತ್ರಿಕೆಯಲ್ಲಿ ಆಗಿರುತ್ತದೆ. ಪುಸ್ತಕರೂಪದ ಪ್ರಥಮ ಮುದ್ರಣ ಅನಂತರದ್ದು. ಉದಾಹರಣೆಗೆ, ತೊರಿಯಾಮಾ ಅಕಿರಾ ಅವರ 'ಡ್ರ್ಯಾಗನ್ ಬಾಲ್' ಮೊದಲು ಕಾಣಿಸಿಕೊಂಡುದು ೧೯೮೪ರ ಜಂಪ್ ಪತ್ರಿಕೆಯ ೫೧ನೆಯ ಸಂಚಿಕೆಯಲ್ಲಿ. ಅದರ ಮೊದಲ ಸಂಪುಟ ಪ್ರಕಟವಾದುದು ೧೯೮೫ರ ಸೆಪ್ಟೆಂಬರಿನಲ್ಲಿ. ಪತ್ರಿಕೆಯಲ್ಲಿ ಬಣ್ಣದಲ್ಲಿದ್ದ ಪುಟಗಳು ಸಂಪುಟದಲ್ಲಿ ಬಹುಮಟ್ಟಿಗೆ ಕಪ್ಪು ಬಿಳುಪಾಗುತ್ತವೆ. ಪುಟದ ಅಂಚಿನಲ್ಲಿ ಸಂಪಾದಕರು ಬರೆದ ಒಕ್ಕಣೆಗಳು, ಮುಂದಿನ ವಾರದ ಸೂಚನೆಗಳು, ಜಾಹೀರಾತುಗಳು ಬಿಟ್ಟುಹೋಗುತ್ತವೆ. ಲೇಖಕರು ಅವಸರದಲ್ಲಿ ಬರೆದುದನ್ನು ತಿದ್ದುತ್ತಾರೆ. ಆದ್ದರಿಂದ ಪತ್ರಿಕೆಯ ಪಾಠ ಮತ್ತು ಸಂಪುಟದ ಪಾಠ ಎಂಬ ಎರಡು ಪ್ರತ್ಯೇಕ ಆಕರಗಳನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗುತ್ತದೆ.

೨. ಒಕುಜುಕೆ: ಮುದ್ರಣವನ್ನು ಗುರುತಿಸುವ ಬಗೆ

ಜಪಾನಿ ಪುಸ್ತಕದ ಕೊನೆಯಲ್ಲಿ ಲೇಖಕ, ಪ್ರಕಾಶಕ, ಮುದ್ರಕ, ಮುದ್ರಣದ ದಿನಾಂಕ ಮುಂತಾದ ವಿವರಗಳನ್ನು ಕೊಡುವ ಒಂದು ಭಾಗವಿರುತ್ತದೆ. ಇದಕ್ಕೆ 'ಒಕುಜುಕೆ' ಎಂದು ಹೆಸರು. ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರನು ಕಾಲ, ಊರು, ತನ್ನ ಹೆಸರುಗಳನ್ನು ಹೇಳಿಕೊಳ್ಳುವ ಪುಷ್ಪಿಕೆಯೊಡನೆ ಇದನ್ನು ಹೋಲಿಸಬಹುದು. ಆದರೆ ಪುಷ್ಪಿಕೆ ಪ್ರತಿಕಾರನ ಇಚ್ಛೆಗೆ ಸೇರಿದ್ದು. ಒಕುಜುಕೆಯ ಹಿಂದೆ ಪ್ರಭುತ್ವದ ಕಣ್ಗಾವಲಿನ ಚರಿತ್ರೆಯಿದೆ. ೧೭೨೨ರಲ್ಲಿ ತೊಕುಗಾವಾ ಆಡಳಿತ ಹೊರಡಿಸಿದ ಆಜ್ಞೆಯಂತೆ ಹೊಸ ಪುಸ್ತಕಗಳಲ್ಲಿ ಲೇಖಕ ಮತ್ತು ಪ್ರಕಾಶಕರ ನಿಜನಾಮಗಳನ್ನು ಮುದ್ರಿಸುವುದು ಕಡ್ಡಾಯವಾಯಿತು. ಆಕ್ಷೇಪಾರ್ಹ ಬರವಣಿಗೆಗೆ ಹೊಣೆಗಾರರನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ೧೮೯೩ರ ಪ್ರಕಟಣಾ ಕಾನೂನು ಈ ನಿಯಮವನ್ನು ಆಧುನಿಕ ರೂಪದಲ್ಲಿ ಮುಂದುವರಿಸಿತು. ಯುದ್ಧಾನಂತರ ಕಾನೂನಿನ ಒತ್ತಾಯ ಇಲ್ಲವಾದರೂ ಪದ್ಧತಿ ಉಳಿಯಿತು. ಪ್ರಭುತ್ವ ನಿಯಂತ್ರಣಕ್ಕಾಗಿ ಹುಟ್ಟಿಸಿದ ಪುಟವೇ ಇಂದು ಸಂಶೋಧಕನಿಗೂ ಸಂಗ್ರಾಹಕನಿಗೂ ಮುಖ್ಯ ಆಧಾರವಾಗಿದೆ.

ಒಕುಜುಕೆಯನ್ನು ಓದುವಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು ಕಾಲಗಣನೆಗೆ ಸಂಬಂಧಿಸಿದ್ದು. ಹಳೆಯ ಸಂಪುಟಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನು ಕೊಡುವುದೇ ಹೆಚ್ಚು. ಶೋವಾ ವರ್ಷಕ್ಕೆ ೧೯೨೫ನ್ನು, ಹೇಸೇ ವರ್ಷಕ್ಕೆ ೧೯೮೮ನ್ನು, ರೇವಾ ವರ್ಷಕ್ಕೆ ೨೦೧೮ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಹೀಗೆ ಶೋವಾ ೨೨ ಎಂದರೆ ೧೯೪೭.

ಎರಡನೆಯದು ಪರಿಭಾಷೆಯ ತೊಡಕು. 'ಹಾನ್' ಎಂದರೆ ಆವೃತ್ತಿ. 'ಸುರಿ' ಎಂದರೆ ಅಚ್ಚು. ಪಾಠದಲ್ಲಿ ಪರಿಷ್ಕರಣವಾದಾಗ ಆವೃತ್ತಿಯ ಸಂಖ್ಯೆ ಹೆಚ್ಚಬೇಕು. ಅದೇ ಪಡಿಯಚ್ಚಿನಿಂದ ಮತ್ತೆ ಮುದ್ರಿಸಿದಾಗ ಅಚ್ಚಿನ ಸಂಖ್ಯೆ ಮಾತ್ರ ಹೆಚ್ಚಬೇಕು. ಶಾಸ್ತ್ರ ಹೀಗಿದ್ದರೂ ಆಚರಣೆ ಬೇರೆ. ಕೆಲವು ಪ್ರಕಾಶಕರು ಪ್ರತಿಯೊಂದು ಮರುಮುದ್ರಣವನ್ನೂ 'ಹಾನ್' ಎಂದೇ ಎಣಿಸುತ್ತಾರೆ. ಅಲ್ಲಿ ಮೂವತ್ತನೆಯ ಆವೃತ್ತಿ ಎಂದಿದ್ದರೆ ಮೂವತ್ತನೆಯ ಅಚ್ಚು ಎಂದೇ ತಿಳಿಯಬೇಕು. ಇದಕ್ಕೆ ವಿರುದ್ಧವಾಗಿ, ಪರಿಷ್ಕರಣ ನಡೆದಿದ್ದರೂ ಅದನ್ನು ಸೂಚಿಸದೆ ಕೇವಲ ಮುಂದಿನ ಅಚ್ಚಿನ ಸಂಖ್ಯೆಯನ್ನು ಕೊಟ್ಟ ನಿದರ್ಶನಗಳೂ ಇವೆ. ಪಾಠದ ದೃಷ್ಟಿಯಿಂದ ಇವೇ ಹೆಚ್ಚು ಅಪಾಯಕಾರಿ.

ಮೂರನೆಯದು ಅವಸರದ ಓದಿನಿಂದ ಆಗುವ ತಪ್ಪು. ಮರುಮುದ್ರಣದ ಒಕುಜುಕೆಯಲ್ಲಿ ಪ್ರಥಮ ಮುದ್ರಣದ ದಿನಾಂಕವೂ ಪ್ರಸ್ತುತ ಮುದ್ರಣದ ದಿನಾಂಕವೂ ಒಂದರ ಕೆಳಗೊಂದು ಇರುತ್ತವೆ. ಮೇಲಿನ ಸಾಲನ್ನು ಮಾತ್ರ ಓದಿ ಪ್ರಥಮ ಮುದ್ರಣವೆಂದು ಭಾವಿಸುವುದು ಹೊಸ ಸಂಗ್ರಾಹಕರು ಸಾಮಾನ್ಯವಾಗಿ ಮಾಡುವ ತಪ್ಪು. ಪ್ರಥಮ ಮುದ್ರಣದಲ್ಲಿ ಒಂದೇ ದಿನಾಂಕವಿರುತ್ತದೆ. ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಒಕುಜುಕೆಯ ದಿನಾಂಕ ಪುಸ್ತಕ ಅಂಗಡಿಗೆ ಬಂದ ದಿನವೇ ಆಗಿರಬೇಕೆಂದಿಲ್ಲ; ಮಾರಾಟದ ದಿನಕ್ಕಿಂತ ಕೆಲವು ದಿನ ಮುಂದಿನ ದಿನಾಂಕವನ್ನು ಹಾಕುವ ವಾಡಿಕೆಯಿದೆ. ಹೀಗಾಗಿ ಕೃತಿಯ ಕಾಲನಿರ್ಣಯಕ್ಕೆ ಒಕುಜುಕೆ ಅವಶ್ಯಕವಾದ ಆಧಾರವಾದರೂ ಅದೊಂದೇ ಸಾಲದು.

೩. ಹೊದಿಕೆ, ಓಬಿ ಮತ್ತು ಒಳಚೀಟಿ

ಪುಸ್ತಕದ ಒಡಲು ಪ್ರಥಮ ಮುದ್ರಣದ್ದೇ ಆಗಿದ್ದರೂ ಅದರ ಹೊದಿಕೆ ಬೇರೆ ಕಾಲದ್ದಾಗಿರಬಹುದು. ಇದು ವಿಚಿತ್ರವಾಗಿ ಕಂಡರೂ ಇದಕ್ಕೆ ಜಪಾನಿನ ಪುಸ್ತಕೋದ್ಯಮದ ವ್ಯವಸ್ಥೆಯಲ್ಲಿಯೇ ಕಾರಣವಿದೆ. ಅಲ್ಲಿ ಅಂಗಡಿಗಳು ಪುಸ್ತಕಗಳನ್ನು ಬಹುಮಟ್ಟಿಗೆ ಮರಳಿಸುವ ಹಕ್ಕಿನೊಡನೆ ಪಡೆಯುತ್ತವೆ. ಮಾರಾಟವಾಗದೆ ಹಿಂದಿರುಗಿದ ಪ್ರತಿಗಳ ಅಂಚುಗಳನ್ನು ಯಂತ್ರದಿಂದ ಉಜ್ಜಿ ಶುಚಿಮಾಡಿ, ಮಾಸಿದ ಹೊದಿಕೆಯನ್ನು ತೆಗೆದು ಹೊಸದನ್ನು ತೊಡಿಸಿ, ಮತ್ತೆ ಮಾರುಕಟ್ಟೆಗೆ ಕಳುಹಿಸುತ್ತಾರೆ. ಈ ಹೊಸ ಹೊದಿಕೆ ಆಯಾ ಕಾಲದ ಮುದ್ರಣದ್ದು. ಹೀಗೆ ಒಂದೇ ಪ್ರತಿಯಲ್ಲಿ ಎರಡು ಕಾಲಗಳು ಕೂಡಿಕೊಳ್ಳುತ್ತವೆ.

ಹೊದಿಕೆಯ ಕಾಲವನ್ನು ನಿರ್ಣಯಿಸಲು ಕೆಲವು ಬಾಹ್ಯ ಪ್ರಮಾಣಗಳು ನೆರವಾಗುತ್ತವೆ. ಅಂತಾರಾಷ್ಟ್ರೀಯ ಪುಸ್ತಕ ಸಂಖ್ಯೆ ಜಪಾನಿನಲ್ಲಿ ಜಾರಿಗೆ ಬಂದುದು ೧೯೮೧ರಲ್ಲಿ. ಅದು ಹದಿಮೂರು ಅಂಕಿಗಳದ್ದಾದುದು ೨೦೦೭ರಲ್ಲಿ. ಬಳಕೆ ತೆರಿಗೆಯನ್ನು ಶೇಕಡ ೩ರಂತೆ ಮೊದಲು ವಿಧಿಸಿದುದು ೧೯೮೯ರ ಏಪ್ರಿಲ್ ೧ರಂದು. ಅದು ೧೯೯೭ರಲ್ಲಿ ಶೇಕಡ ೫ಕ್ಕೂ ೨೦೧೪ರಲ್ಲಿ ಶೇಕಡ ೮ಕ್ಕೂ ಏರಿತು. ಆದ್ದರಿಂದ ೧೯೮೫ರ ಒಕುಜುಕೆಯುಳ್ಳ ಸಂಪುಟದ ಹೊದಿಕೆಯಲ್ಲಿ ತೆರಿಗೆಯನ್ನೊಳಗೊಂಡ ಬೆಲೆ ಇದ್ದರೆ ಆ ಹೊದಿಕೆ ಮೂಲದ್ದಲ್ಲವೆಂದು ನಿಸ್ಸಂದೇಹವಾಗಿ ಹೇಳಬಹುದು. ಲೇಖಕರ ಹೆಸರೂ ಕೆಲವೆಡೆ ಪ್ರಮಾಣವಾಗುತ್ತದೆ. ಭಾರತದ ಮಕ್ಕಳಿಗೆ ದೂರದರ್ಶನ ಸರಣಿಯಿಂದ ಪರಿಚಿತವಾದ 'ಡೋರೆಮಾನ್' ಕೃತಿಯ ಮೊದಲ ಸಂಪುಟ ೧೯೭೪ರಲ್ಲಿ ಪ್ರಕಟವಾದಾಗ ಅದರ ಮೇಲೆ ಇದ್ದುದು 'ಫುಜಿಕೊ ಫುಜಿಯೊ' ಎಂಬ ಹೆಸರು. ಅದು ಫುಜಿಮೊತೊ ಹಿರೋಶಿ ಮತ್ತು ಅಬಿಕೊ ಮೊತೂ ಎಂಬ ಇಬ್ಬರು ಗೆಳೆಯರ ಜಂಟಿ ಕಾವ್ಯನಾಮ. ೧೯೮೭ರ ಕೊನೆಯಲ್ಲಿ ಅವರ ಸಹಯೋಗ ಮುಗಿದ ಮೇಲೆ ಇಬ್ಬರೂ ಪ್ರತ್ಯೇಕ ಹೆಸರುಗಳನ್ನು ಬಳಸತೊಡಗಿದರು. 'ಫುಜಿಕೊ ಎಫ್. ಫುಜಿಯೊ' ಎಂಬ ಹೆಸರಿರುವ ಹೊದಿಕೆ ಆ ಮೇಲಿನದು ಎಂಬುದು ಇದರಿಂದ ಸ್ಪಷ್ಟ.

ಹೊದಿಕೆಯ ಮೇಲೆ ಸೊಂಟಪಟ್ಟಿಯಂತೆ ಸುತ್ತಿದ ಕಾಗದದ ಪಟ್ಟಿಗೆ 'ಓಬಿ' ಎನ್ನುತ್ತಾರೆ. ಕಿಮೋನೊ ಉಡುಪಿನ ನಡುಪಟ್ಟಿಯ ಹೆಸರೇ ಇದಕ್ಕೂ ಬಂದಿದೆ. ಪ್ರಚಾರದ ಮಾತು, ಮುಂದಿನ ಸಂಪುಟದ ಸೂಚನೆ, ಚಲನಚಿತ್ರದ ಜಾಹೀರಾತು ಮೊದಲಾದವನ್ನು ಇದರಲ್ಲಿ ಮುದ್ರಿಸುತ್ತಾರೆ. ಪುಟಗಳ ನಡುವೆ ಇಟ್ಟಿದ್ದು ಮಾರಾಟದ ಸಮಯದಲ್ಲಿ ಅಂಗಡಿಯವನು ತೆಗೆದುಕೊಳ್ಳುತ್ತಿದ್ದ ಚೀಟಿ, ಹೊಸ ಪುಸ್ತಕಗಳ ಕರಪತ್ರ, ಓದುಗರ ಅಭಿಪ್ರಾಯದ ಅಂಚೆಕಾರ್ಡು ಇವೂ ಇದೇ ವರ್ಗದವು. ಓದುಗರು ಇವನ್ನು ಎಸೆಯುವುದು ಸಹಜ. ಆದ್ದರಿಂದಲೇ ಇವು ಪುಸ್ತಕಕ್ಕಿಂತ ವಿರಳ. ಓಬಿ ಇದ್ದ ಮಾತ್ರಕ್ಕೆ ಅದೇ ಪ್ರತಿಯ ಒಬಿ ಎಂದು ನಂಬುವಂತಿಲ್ಲ. ಬೇರೆ ಪ್ರತಿಯಿಂದ ತಂದು ತೊಡಿಸಿರಬಹುದು. ಆದರೂ ಒಂದು ಕೃತಿಯನ್ನು ಪ್ರಕಾಶಕರು ಯಾವ ಓದುಗರಿಗಾಗಿ, ಯಾವ ಮಾತುಗಳಲ್ಲಿ ಮುಂದಿಟ್ಟರು ಎಂಬುದಕ್ಕೆ ಓಬಿಯಂಥ ನೇರ ಸಾಕ್ಷ್ಯ ಬೇರೊಂದಿಲ್ಲ.

೪. 'ಶಿನ್ ತಕರಾಜಿಮಾ': ಒಂದು ಪಾಠಸಮಸ್ಯೆ

ಪ್ರಥಮ ಮುದ್ರಣದ ಮಹತ್ವ ಅತ್ಯಂತ ಸ್ಪಷ್ಟವಾಗುವುದು ತೆಜುಕಾ ಒಸಾಮು ಅವರ 'ಶಿನ್ ತಕರಾಜಿಮಾ' ಕೃತಿಯಲ್ಲಿ. 'ಹೊಸ ನಿಧಿದ್ವೀಪ' ಎಂಬ ಅರ್ಥದ ಈ ಕೃತಿ ೧೯೪೭ರಲ್ಲಿ ಒಸಾಕಾದ ಇಕುಯೇ ಪ್ರಕಾಶನದಿಂದ ಅಕಾಹೋನ್ ರೂಪದಲ್ಲಿ ಹೊರಬಂದಿತು. ಸಕಾಯ್ ಶಿಚಿಮಾ ಇದರ ಸಹಕರ್ತೃ. ೧೯೨೮ರಲ್ಲಿ ಜನಿಸಿದ ತೆಜುಕಾ ಆಗ ಇನ್ನೂ ವೈದ್ಯಕೀಯ ವಿದ್ಯಾರ್ಥಿ. ನಾಲ್ಕು ಲಕ್ಷ ಪ್ರತಿಗಳು ಮಾರಾಟವಾದವೆಂಬ ಮಾತು ಈ ಕೃತಿಯ ಬಗ್ಗೆ ರೂಢಿಯಲ್ಲಿದೆ. ಅಕಾಹೋನ್ ವ್ಯಾಪಾರದ ಲೆಕ್ಕಪತ್ರಗಳು ಉಳಿದಿಲ್ಲವಾದ್ದರಿಂದ ಈ ಸಂಖ್ಯೆಯನ್ನು ಪರಂಪರೆಯ ಹೇಳಿಕೆಯಾಗಿ ಮಾತ್ರ ಸ್ವೀಕರಿಸಬೇಕು. ಯುದ್ಧಾನಂತರದ ಮಾಂಗಾ ಇತಿಹಾಸ ಬರೆದವರು ಬಹುಮಂದಿ ಈ ಕೃತಿಯಿಂದಲೇ ಹೊಸ ಯುಗವನ್ನು ಆರಂಭಿಸುತ್ತಾರೆ. ಬಾಲಕನೊಬ್ಬ ಬಂದರಿನತ್ತ ಕಾರನ್ನು ಓಡಿಸಿಕೊಂಡು ಹೋಗುವ ಅದರ ಆರಂಭದ ದೃಶ್ಯ ಚಲನಚಿತ್ರದ ತಂತ್ರವನ್ನು ಪುಟಕ್ಕೆ ತಂದಿತೆಂಬುದು ಅವರ ಪ್ರಧಾನ ವಾದ.

ಆದರೆ ಈ ವಾದಕ್ಕೆ ಆಧಾರವಾದ ಪಾಠ ಯಾವುದು? ಮೂಲದ ಪ್ರಕಟಣೆಯಲ್ಲಿ ತೆಜುಕಾ ಅವರ ಕೈಬರಹ ನೇರವಾಗಿ ಅಚ್ಚಿಗೆ ಹೋಗಲಿಲ್ಲ. ಅಂದಿನ ಅಗ್ಗದ ಮುದ್ರಣದಲ್ಲಿ 'ಕಾಕಿಹಾನ್' ಎಂಬ ವಿಧಾನ ಬಳಕೆಯಲ್ಲಿತ್ತು. ಕುಶಲಕರ್ಮಿಯೊಬ್ಬ ಕಲಾವಿದನ ಚಿತ್ರವನ್ನು ನೋಡಿ ತನ್ನ ಕೈಯಿಂದ ಮುದ್ರಣದ ತಗಡಿನ ಮೇಲೆ ಮತ್ತೆ ಬರೆಯುತ್ತಿದ್ದ. ಹೀಗಾಗಿ ಪುಟದಲ್ಲಿ ಕಾಣುವ ರೇಖೆ ತೆಜುಕಾ ಅವರದೂ ಹೌದು, ಹೆಸರಿಲ್ಲದ ಆ ಕರ್ಮಿಯದೂ ಹೌದು. ಅಲ್ಲದೆ ಸಕಾಯ್ ಅವರು ಪುಟಗಳನ್ನು ಕಡಿಮೆ ಮಾಡಿದರು, ಮಾತುಗಳನ್ನು ತಿದ್ದಿದರು ಎಂಬ ಅಸಮಾಧಾನ ತೆಜುಕಾ ಅವರಿಗಿತ್ತು. ಈ ಕಾರಣದಿಂದ ಅವರು ಮೂಲರೂಪದ ಮರುಮುದ್ರಣಕ್ಕೆ ದೀರ್ಘಕಾಲ ಒಪ್ಪಲಿಲ್ಲ. ಕೊಡಾನ್ಶಾ ಸಂಸ್ಥೆ ೧೯೭೭ರಿಂದ ೧೯೯೭ರವರೆಗೆ ೪೦೦ ಸಂಪುಟಗಳಲ್ಲಿ ಹೊರತಂದ ತೆಜುಕಾ ಸಮಗ್ರ ಮಾಲೆಗೆ ಈ ಕೃತಿ ೧೯೮೪ರಲ್ಲಿ ಸೇರಿದಾಗ ಅವರು ಅದನ್ನು ಹೊಸದಾಗಿ ಬರೆದುಕೊಟ್ಟರು. ಮೂಲದ ಯಥಾಪ್ರತಿ ಸಾಮಾನ್ಯ ಓದುಗರಿಗೆ ದೊರೆತುದು ೨೦೦೯ರಲ್ಲಿ, ಲೇಖಕರು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ.

ಇದರ ಪರಿಣಾಮ ಗಂಭೀರವಾದುದು. ಇಪ್ಪತ್ತೈದು ವರ್ಷಗಳ ಕಾಲ ಬಹುಸಂಖ್ಯೆಯ ಓದುಗರ ಕೈಯಲ್ಲಿದ್ದುದು ೧೯೪೭ರ ಹೆಸರು ಹೊತ್ತ ೧೯೮೪ರ ಕೃತಿ. ಮೂವತ್ತೇಳು ವರ್ಷಗಳ ಅನುಭವವಿದ್ದ ಕಲಾವಿದನ ಚೌಕಟ್ಟು ವಿನ್ಯಾಸವನ್ನು ನೋಡಿ, ಹದಿನೆಂಟು ಹತ್ತೊಂಬತ್ತರ ಹರೆಯದ ವಿದ್ಯಾರ್ಥಿ ಏನನ್ನು ಸಾಧಿಸಿದನೆಂದು ತೀರ್ಮಾನಿಸುವ ಅಪಾಯ ಇಲ್ಲಿತ್ತು. ಈ ಅಪಾಯವನ್ನು ತಪ್ಪಿಸಲು ಸಾಧ್ಯವಾದುದು ಅಗ್ಗದ ಕಾಗದದ ಕೆಲವು ಮೂಲಪ್ರತಿಗಳು ಖಾಸಗಿ ಸಂಗ್ರಹಗಳಲ್ಲಿ ಉಳಿದಿದ್ದುದರಿಂದ. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಕರ್ತೃವೇ ಪರಿಷ್ಕರಿಸಿದ ಪಾಠಕ್ಕೆ ಅದರದೇ ಆದ ಅಧಿಕಾರವಿದೆ; ಆದರೆ ಅದು ಮೂಲಪಾಠದ ಸ್ಥಾನವನ್ನು ಆಕ್ರಮಿಸಲಾರದು. ಎರಡೂ ಪಾಠಗಳು ಬೇಕು, ಎರಡನ್ನೂ ಬೇರೆ ಬೇರೆಯಾಗಿ ಇಡಬೇಕು.

೫. 'ಬ್ಲ್ಯಾಕ್ ಜ್ಯಾಕ್': ಬಿಟ್ಟುಹೋದ ಕಥೆಗಳು

ಇದೇ ಲೇಖಕರ 'ಬ್ಲ್ಯಾಕ್ ಜ್ಯಾಕ್' ಇನ್ನೊಂದು ಬಗೆಯ ಸಮಸ್ಯೆಯನ್ನು ಒಡ್ಡುತ್ತದೆ. ಪರವಾನಗಿಯಿಲ್ಲದ ಶಸ್ತ್ರವೈದ್ಯನೊಬ್ಬನ ಈ ಕಥಾಮಾಲೆ ೧೯೭೩ರಲ್ಲಿ 'ಶೋನೆನ್ ಚಾಂಪಿಯನ್' ವಾರಪತ್ರಿಕೆಯಲ್ಲಿ ಆರಂಭವಾಯಿತು. ವೈದ್ಯಕೀಯ ವಿಷಯಗಳ ಚಿತ್ರಣ ಆಕ್ಷೇಪಕ್ಕೆ ಗುರಿಯಾದಾಗ ಕೆಲವು ಕಥೆಗಳನ್ನು ಕೈಬಿಡಲಾಯಿತು, ಕೆಲವನ್ನು ಬದಲಿಸಲಾಯಿತು. ಅಕಿತಾ ಶೋತೆನ್ ಪ್ರಕಟಿಸಿದ ನಾಲ್ಕನೆಯ ಸಂಪುಟದ ಆರಂಭದ ಮುದ್ರಣಗಳಲ್ಲಿ 'ಶೊಕುಬುತ್ಸು ನಿಂಗೆನ್' ಎಂಬ ಕಥೆಯಿತ್ತು. ಮುಂದಿನ ಮುದ್ರಣಗಳಲ್ಲಿ ಅದರ ಜಾಗಕ್ಕೆ ಬೇರೆ ಕಥೆ ಬಂದಿತು. ೧೯೭೭ರಲ್ಲಿ ಪತ್ರಿಕೆಯಲ್ಲಿ ಬಂದ ಒಂದು ಕಥೆ ಮಿದುಳಿನ ಶಸ್ತ್ರಚಿಕಿತ್ಸೆಯ ಉಲ್ಲೇಖದಿಂದಾಗಿ ಪ್ರತಿಭಟನೆಯನ್ನು ಎದುರಿಸಿ, ಸಂಪುಟಕ್ಕೆ ಸೇರುವಾಗ ಬೇರೆ ಹೆಸರಿನಿಂದ ಬೇರೆ ರೂಪವನ್ನು ಪಡೆಯಿತು. 'ಕೈರಾಕು ನೊ ಜಾ' ಎಂಬ ಕಥೆ ತಾನ್ಕೋಬೋನ್ ಸಂಪುಟಗಳಿಗೆ ಸೇರಲೇ ಇಲ್ಲ. ಅದನ್ನು ಓದಬಯಸುವವರು ಪತ್ರಿಕೆಯ ಹಳೆಯ ಸಂಚಿಕೆಯನ್ನೇ ಹುಡುಕಬೇಕು.

ಈ ಬದಲಾವಣೆಗಳ ಸರಿತಪ್ಪನ್ನು ನಿರ್ಣಯಿಸುವುದು ಇಲ್ಲಿ ಉದ್ದೇಶವಲ್ಲ. ರೋಗಿಗಳ, ಅವರ ಬಂಧುಗಳ ನೋವಿಗೆ ಸ್ಪಂದಿಸಿ ಲೇಖಕನೊಬ್ಬ ತನ್ನ ಬರಹವನ್ನು ಹಿಂತೆಗೆದುಕೊಂಡರೆ ಅದು ಅವನ ಹಕ್ಕು. ಆದರೆ ಒಂದು ಸಮಾಜ ಯಾವುದನ್ನು ಯಾವಾಗ ಆಡಬಾರದೆಂದು ತೀರ್ಮಾನಿಸಿತು ಎಂಬುದೂ ಚರಿತ್ರೆಯ ಭಾಗವೇ. ಆ ತೀರ್ಮಾನಕ್ಕೆ ಸಾಕ್ಷಿ ಹಿಂದಿನ ಮತ್ತು ಮುಂದಿನ ಮುದ್ರಣಗಳ ನಡುವಣ ಅಂತರದಲ್ಲಿ ಮಾತ್ರ ಇರುತ್ತದೆ. ಇದೇ ಮಾಲೆಯ ಆರಂಭದ ಸಂಪುಟಗಳ ಹೊದಿಕೆಯಲ್ಲಿ 'ಭಯಾನಕ ಕಾಮಿಕ್ಸ್' ಎಂಬರ್ಥದ ಗುರುತುಪಟ್ಟಿ ಇದ್ದು, ಅನಂತರ ಅದು 'ಹ್ಯೂಮನ್ ಕಾಮಿಕ್ಸ್' ಎಂದು ಬದಲಾದುದೂ ಅರ್ಥಪೂರ್ಣ. ಭಯಾನಕ ರಸದ ಕೃತಿಯೆಂದು ಮಾರಾಟಕ್ಕೆ ಬಂದುದು ಮಾನವೀಯ ಕಾಳಜಿಯ ಕೃತಿಯೆಂದು ಮರುನಾಮಕರಣಗೊಂಡ ಪರಿ ಅದರ ಸ್ವೀಕಾರದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತದೆ.

೬. ವಿರಳತೆಯ ಲೆಕ್ಕ

ಪ್ರಥಮ ಮುದ್ರಣವೆಲ್ಲವೂ ವಿರಳ ಎಂಬುದು ತಪ್ಪು ತಿಳಿವಳಿಕೆ. ಒದಾ ಐಚಿರೊ ಅವರ 'ಒನ್ ಪೀಸ್' ಮಾಲೆಯ ೬೭ನೆಯ ಸಂಪುಟದ ಪ್ರಥಮ ಮುದ್ರಣ ೨೦೧೨ರಲ್ಲಿ ೪೦ ಲಕ್ಷ ೫೦ ಸಾವಿರ ಪ್ರತಿಗಳಷ್ಟಿತ್ತು. ಅಂಥದಕ್ಕೆ ಸಂಗ್ರಹದ ಬೆಲೆ ಬರುವುದು ಕಷ್ಟ. ಅದೇ ಮಾಲೆಯ ಮೊದಲ ಸಂಪುಟ ೧೯೯೭ರ ಡಿಸೆಂಬರಿನಲ್ಲಿ ಪ್ರಕಟವಾದಾಗ ಲೇಖಕ ಹೊಸಬ. ಮುಂದಿನ ಯಶಸ್ಸು ಯಾರಿಗೂ ತಿಳಿಯದು. ಆ ಕಾಲದಲ್ಲಿ ಕೊಂಡವರು ಓದಿದರು, ಹಂಚಿಕೊಂಡರು, ಎಸೆದರು. ಯಶಸ್ಸು ಬಂದ ಮೇಲೆ ಹುಡುಕುವವರು ಬಹಳ, ಉಳಿದ ಒಳ್ಳೆಯ ಪ್ರತಿಗಳು ಕೆಲವು. ಹೀಗಾಗಿ ಸಂಗ್ರಾಹಕರು ಬಯಸುವುದು ಪ್ರಸಿದ್ಧ ಮಾಲೆಗಳ ಆರಂಭದ ಸಂಪುಟಗಳನ್ನು, ಇಲ್ಲವೇ ಸಣ್ಣ ಪ್ರಮಾಣದಲ್ಲಿ ಅಚ್ಚಾಗಿ ಮರೆತುಹೋದ ಕೃತಿಗಳನ್ನು. ಫುಜಿಕೊ ಫುಜಿಯೊ ಜೋಡಿ ೧೯೫೩ರಲ್ಲಿ 'ಅಶಿಜುಕಾ ಫುಜಿಯೊ' ಎಂಬ ಹೆಸರಿನಲ್ಲಿ ಪ್ರಕಟಿಸಿದ 'ಯುಟೋಪಿಯ: ಕೊನೆಯ ಮಹಾಯುದ್ಧ' ಇಂಥ ಕೃತಿಗಳಲ್ಲಿ ಹೆಸರಾದುದು. ಬೆರಳೆಣಿಕೆಯಷ್ಟು ಪ್ರತಿಗಳು ಮಾತ್ರ ಉಳಿದಿರುವ ಈ ಪುಸ್ತಕ ಹಳೆಯ ಪುಸ್ತಕದ ಮಾರುಕಟ್ಟೆಯಲ್ಲಿ ಅತಿ ಹೆಚ್ಚಿನ ಬೆಲೆ ಪಡೆಯುವವುಗಳ ಸಾಲಿಗೆ ಸೇರಿದೆ.

ವಾರಪತ್ರಿಕೆಗಳ ಸ್ಥಿತಿ ಇನ್ನೂ ವಿಚಿತ್ರ. ೧೯೯೫ರ ಒಂದು ಜೋಡಿ ಸಂಚಿಕೆಗೆ ಜಂಪ್ ಪತ್ರಿಕೆಯ ಪ್ರಸಾರ ೬೫ ಲಕ್ಷ ೩೦ ಸಾವಿರವನ್ನು ಮುಟ್ಟಿತ್ತು. ಇಷ್ಟು ಪ್ರತಿಗಳು ಅಚ್ಚಾದರೂ ಉಳಿದವು ಅತ್ಯಲ್ಪ. ಓದಿ ರೈಲಿನಲ್ಲಿ ಬಿಟ್ಟುಹೋಗುವುದಕ್ಕೂ ರದ್ದಿಗೆ ಕಟ್ಟುವುದಕ್ಕೂ ಉದ್ದೇಶಿತವಾದ ಒರಟು ಕಾಗದ ಅದು. ಮುದ್ರಣದ ಸಂಖ್ಯೆಗೂ ಉಳಿವಿಗೂ ನೇರ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮಾರುಕಟ್ಟೆಯ ಬೆಲೆ ಮತ್ತು ಸಂಶೋಧನೆಯ ಬೆಲೆ ಎಲ್ಲೆಡೆಯೂ ಒಂದಾಗುವುದಿಲ್ಲ. ಬಾಡಿಗೆ ಅಂಗಡಿಯ ಮೊಹರು, ಪುಟ ಬಿಡದಂತೆ ಹಾಕಿದ ಹೊಲಿಗೆ, ಓದುಗನ ಬೆರಳಿನ ಕಲೆ ಇರುವ ಕಾಶಿಹೋನ್ ಪ್ರತಿಗೆ ಬೆಲೆ ಕಡಿಮೆ. ಆದರೆ ಆ ಪುಸ್ತಕ ಯಾವ ಊರಿನ ಯಾವ ಅಂಗಡಿಯಲ್ಲಿ ಹೇಗೆ ಬಳಕೆಯಾಯಿತೆಂಬುದನ್ನು ಹೇಳುವುದು ಆ ಪ್ರತಿಯೇ ಹೊರತು ಕಲೆಯಿಲ್ಲದ ಪ್ರತಿಯಲ್ಲ. ಈಚಿನ ವರ್ಷಗಳಲ್ಲಿ ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯ ಮಾದರಿಯಲ್ಲಿ, ಪ್ರತಿಯ ಸ್ಥಿತಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಮೊಹರು ಮಾಡುವ ಕ್ರಮ ಮಾಂಗಾಕ್ಕೂ ಹರಡಿದೆ. ಹೀಗೆ ಮುಚ್ಚಿದ ಪುಸ್ತಕ ಕೆಡುವುದಿಲ್ಲ. ಆದರೆ ಅದನ್ನು ಓದಲೂ ಬರುವುದಿಲ್ಲ, ಅದರ ಒಕುಜುಕೆಯನ್ನು ನೋಡಲೂ ಬರುವುದಿಲ್ಲ. ಪಾಠಕ್ಕಾಗಿ ಮಹತ್ವ ಪಡೆದ ಪ್ರತಿಯಿಂದ ಪಾಠವನ್ನೇ ದೂರಮಾಡುವ ಈ ಬೆಳವಣಿಗೆಯನ್ನು ಸಂಶೋಧಕರು ಸ್ವಾಗತಿಸಲಾರರು.

೭. ಉಳಿಸಿದವರು

ಮಾಂಗಾ ಕೃತಿಗಳು ಉಳಿದು ಬಂದ ಬಗೆಯನ್ನು ನೋಡಿದರೆ ಸಂಸ್ಥೆಗಳಿಗಿಂತ ವ್ಯಕ್ತಿಗಳ ಪಾತ್ರ ಹಿರಿದಾಗಿ ಕಾಣುತ್ತದೆ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ ೧೯೪೮ರಲ್ಲಿ ಸ್ಥಾಪನೆಯಾಗಿ ಕಡ್ಡಾಯ ಪ್ರತಿ ಸಲ್ಲಿಕೆಯ ನಿಯಮ ಬಂದಿತು. ಆದರೆ ಅಕಾಹೋನ್ ಪ್ರಕಾಶಕರು, ಬಾಡಿಗೆ ಪುಸ್ತಕದ ಪ್ರಕಾಶಕರು ಪ್ರತಿಗಳನ್ನು ಕಟ್ಟುನಿಟ್ಟಾಗಿ ಸಲ್ಲಿಸಲಿಲ್ಲ. ಸಲ್ಲಿಕೆಯಾದವುಗಳಲ್ಲಿಯೂ ಹೊದಿಕೆ, ಓಬಿಗಳನ್ನು ತೆಗೆದು ಒಡಲನ್ನು ಮಾತ್ರ ಇಡುವುದು ಗ್ರಂಥಾಲಯದ ರೂಢಿಯಾಗಿತ್ತು. ಸ್ವಾರಸ್ಯದ ಸಂಗತಿಯೆಂದರೆ, ಯುದ್ಧಾನಂತರದ ವರ್ಷಗಳ ಮಕ್ಕಳ ಪುಸ್ತಕಗಳ ಒಂದು ಮಹತ್ವದ ಸಂಗ್ರಹ ಉಳಿದುದು ಆಕ್ರಮಿತ ಸೇನೆಯ ಸೆನ್ಸಾರ್ ಇಲಾಖೆಯಿಂದ. ೧೯೪೫ರಿಂದ ೧೯೪೯ರವರೆಗೆ ತಪಾಸಣೆಗೆ ಸಲ್ಲಿಕೆಯಾದ ಪ್ರಕಟಣೆಗಳು ಇತಿಹಾಸಕಾರ ಗಾರ್ಡನ್ ಪ್ರಾಂಗೆ ಅವರ ಪ್ರಯತ್ನದಿಂದ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವನ್ನು ಸೇರಿ, ಇಂದು ಅವರ ಹೆಸರಿನ ಸಂಗ್ರಹವಾಗಿವೆ. ೧೭೨೨ರ ಆಜ್ಞೆಯಂತೆಯೇ ಇಲ್ಲಿಯೂ ನಿಯಂತ್ರಣದ ವ್ಯವಸ್ಥೆ ತನ್ನ ಉದ್ದೇಶವನ್ನು ಮೀರಿ ಸಂರಕ್ಷಣೆಯ ಕೆಲಸ ಮಾಡಿತು.

ವ್ಯಕ್ತಿಗಳಲ್ಲಿ ನೈಕಿ ತೊಶಿಯೊ ಅವರ ಹೆಸರನ್ನು ಮೊದಲು ಹೇಳಬೇಕು. ತೋಕಿಯೋದ ವಸೇದಾ ಪ್ರದೇಶದಲ್ಲಿ ಬಾಡಿಗೆ ಪುಸ್ತಕದ ಅಂಗಡಿ ನಡೆಸುತ್ತಿದ್ದ ಇವರು, ಇತರ ಅಂಗಡಿಗಳು ಮುಚ್ಚುತ್ತ ಪುಸ್ತಕಗಳು ರದ್ದಿಗೆ ಹೋಗುತ್ತಿದ್ದ ಕಾಲದಲ್ಲಿ ಅವುಗಳನ್ನು ಉಳಿಸಿಕೊಂಡರು. ೧೯೭೮ರಲ್ಲಿ ತಮ್ಮ ಸಂಗ್ರಹವನ್ನು 'ಸಮಕಾಲೀನ ಮಾಂಗಾ ಗ್ರಂಥಾಲಯ'ವಾಗಿ ಸಾರ್ವಜನಿಕರಿಗೆ ತೆರೆದರು. ಎರಡನೆಯವರು ವಿಮರ್ಶಕ ಯೊನೆಜಾವಾ ಯೋಶಿಹಿರೊ. ೧೯೭೫ರಲ್ಲಿ ಆರಂಭವಾದ 'ಕಾಮಿಕ್ ಮಾರ್ಕೆಟ್' ಮೇಳದ ಸ್ಥಾಪಕರಲ್ಲಿ ಒಬ್ಬರಾದ ಇವರು ೨೦೦೬ರಲ್ಲಿ ನಿಧನರಾದ ಮೇಲೆ ಇವರ ಸಂಗ್ರಹ ಮೇಜಿ ವಿಶ್ವವಿದ್ಯಾನಿಲಯಕ್ಕೆ ಸಂದು, ೨೦೦೯ರಲ್ಲಿ ಇವರ ಹೆಸರಿನ ಸ್ಮಾರಕ ಗ್ರಂಥಾಲಯವಾಯಿತು. ನೈಕಿಯವರ ಸಂಗ್ರಹವೂ ಅದೇ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ೨೦೦೬ರಲ್ಲಿ ಕ್ಯೋತೊ ನಗರ ಮತ್ತು ಕ್ಯೋತೊ ಸೇಕಾ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ, ಮುಚ್ಚಿದ ಪ್ರಾಥಮಿಕ ಶಾಲೆಯೊಂದರ ಕಟ್ಟಡದಲ್ಲಿ, ಅಂತಾರಾಷ್ಟ್ರೀಯ ಮಾಂಗಾ ಸಂಗ್ರಹಾಲಯ 

ಆರಂಭವಾಯಿತು, ಅಲ್ಲಿ ಸುಮಾರು ಮೂರು ಲಕ್ಷ ವಸ್ತುಗಳಿವೆ.

ವ್ಯಾಪಾರಿಗಳ ಪಾತ್ರವನ್ನೂ ಕಡೆಗಣಿಸುವಂತಿಲ್ಲ. ಮಾಂಗಾ ಕಲಾವಿದರೇ ಆಗಿದ್ದ ಫುರುಕಾವಾ ಮಾಸುಜೊ ೧೯೮೦ರಲ್ಲಿ ತೋಕಿಯೋದ ನಕಾನೊ ಬ್ರಾಡ್‌ವೇ ಕಟ್ಟಡದ ಪುಟ್ಟ ಮಳಿಗೆಯಲ್ಲಿ ಆರಂಭಿಸಿದ 'ಮಾಂದರಾಕೆ' ಹಳೆಯ ಮಾಂಗಾಕ್ಕೆ ಪುರಾತನ ಗ್ರಂಥದ ಗೌರವವನ್ನು ತಂದುಕೊಟ್ಟಿತು. ಅದರ ಮಾರಾಟಪಟ್ಟಿಗಳು ಮುದ್ರಣ, ಹೊದಿಕೆ, ಓಬಿಗಳ ವಿವರಗಳನ್ನು ದಾಖಲಿಸುವ ಮೂಲಕ ಒಂದು ಬಗೆಯ ಗ್ರಂಥಸೂಚಿಯ ಕೆಲಸವನ್ನೂ ಮಾಡಿವೆ. ಇದಕ್ಕೆ ಪ್ರತಿಯಾಗಿ, ೧೯೯೦ರಲ್ಲಿ ಆರಂಭವಾದ 'ಬುಕ್ ಆಫ್' ಮಳಿಗೆಗಳ ಜಾಲ ಪುಸ್ತಕದ ವಿರಳತೆಯನ್ನು ಗಣಿಸದೆ ಅದರ ಶುಚಿತ್ವ, ಹೊಸತನಗಳಿಂದಲೇ ಬೆಲೆ ಕಟ್ಟುವ ನೀತಿಯನ್ನು ತಂದಿತು. ಇದರಿಂದ ಹಳೆಯ, ಬಣ್ಣಗೆಟ್ಟ ಪ್ರತಿಗಳು ಕಡೆಗಣನೆಗೆ ಒಳಗಾದರೂ, ತಿಳಿದವರಿಗೆ ಅಗ್ಗದ ಕಪಾಟಿನಲ್ಲಿಯೇ ಪ್ರಥಮ ಮುದ್ರಣ ದೊರೆಯುವ ಅವಕಾಶವೂ ಉಂಟಾಯಿತು.

೮. ಉಪಸಂಹಾರ

ಇಪ್ಪತ್ತನೆಯ ಶತಮಾನದ ಮಾಂಗಾ ಕಾಗದಕ್ಕೆ ಆಯುಸ್ಸು ಮಿತವಾದುದು. ಆಮ್ಲಾಂಶವುಳ್ಳ ಕಾಗದ ಹಳದಿಯಾಗಿ, ಕಂದಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಸೆಂಕಾಶಿಯಲ್ಲಿ ಅಚ್ಚಾದ ಅಕಾಹೋನ್ ಈಗಾಗಲೇ ಆ ಸ್ಥಿತಿಯಲ್ಲಿದೆ. ಇನ್ನೊಂದೆಡೆ, ೨೦೧೭ರಲ್ಲಿ ಜಪಾನಿನ ವಿದ್ಯುನ್ಮಾನ ಮಾಂಗಾ ಮಾರಾಟ ಕಾಗದದ ಸಂಪುಟಗಳ ಮಾರಾಟವನ್ನು ಮೊದಲ ಬಾರಿಗೆ ಮೀರಿತು. ವಿದ್ಯುನ್ಮಾನ ಪ್ರತಿಯಲ್ಲಿ ತಿದ್ದುಪಡಿಯಾದಾಗ ಹಳೆಯ ಪಾಠ ಓದುಗನ ಕೈಯಲ್ಲಿಯೇ ಅಳಿದು ಹೊಸತು ಬರಬಹುದು. ಅಲ್ಲಿ ಹೋಲಿಸಿ ನೋಡಲು ಹಿಂದಿನ ಮುದ್ರಣವೆಂಬುದು ಕಪಾಟಿನಲ್ಲಿ ಉಳಿದಿರುವುದಿಲ್ಲ. ಕಾಗದದ ಕಾಲದಲ್ಲಿ ಆಕಸ್ಮಿಕವಾಗಿಯಾದರೂ ಉಳಿದುಬರುತ್ತಿದ್ದ ಪಾಠಾಂತರಗಳು ಇನ್ನು ಮುಂದೆ ಉದ್ದೇಶಪೂರ್ವಕವಾಗಿ ಉಳಿಸಿದರೆ ಮಾತ್ರ ಉಳಿಯುತ್ತವೆ.

ಒಟ್ಟಿನಲ್ಲಿ, ಮಾಂಗಾ ಕೃತಿಗಳ ಪ್ರಥಮ ಮುದ್ರಣದ ಸಂಗ್ರಹವನ್ನು ಅದರ ಬೆಲೆಯಿಂದ ಅಳೆಯುವುದು ಸಲ್ಲದು. ಪ್ರಥಮ ಮುದ್ರಣ ಶ್ರೇಷ್ಠ ಪಾಠವೇ ಆಗಿರಬೇಕೆಂದಿಲ್ಲ. ಅದರಲ್ಲಿ ಅಚ್ಚಿನ ದೋಷಗಳಿರಬಹುದು, ಲೇಖಕರು ಮುಂದೆ ನಾಚಿಕೊಂಡ ಮಾತುಗಳಿರಬಹುದು, ಮತ್ತೊಬ್ಬರ ಕೈವಾಡವಿರಬಹುದು. ಆದರೆ ಒಂದು ಕೃತಿ ತನ್ನ ಮೊದಲ ಓದುಗರನ್ನು ಯಾವ ರೂಪದಲ್ಲಿ ತಲುಪಿತು ಎಂಬುದನ್ನು ಹೇಳಬಲ್ಲುದು ಅದೊಂದೇ. ವಿದ್ವಾಂಸರು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಮಿಠಾಯಿ ಅಂಗಡಿಯ ಪುಸ್ತಕವನ್ನು, ಬಾಡಿಗೆ ಅಂಗಡಿಯ ಹರಕು ಸಂಪುಟವನ್ನು ಎತ್ತಿಟ್ಟವರು ಗ್ರಂಥಸಂಪಾದನೆಯ ಹೆಸರನ್ನೂ ಕೇಳಿರಲಾರರು. ಇಂದು ಪಾಠನಿರ್ಣಯಕ್ಕೆ ಹೊರಟ ಸಂಶೋಧಕ ಅವರು ಎತ್ತಿಟ್ಟ ಪ್ರತಿಗಳನ್ನೇ ಆಶ್ರಯಿಸಬೇಕಾಗಿದೆ.